ಹಳೇ ಜಾವಾ, 4,100 ಪೌಂಡ್: ಹವ್ಯಾಸವೋ, ಹೂಡಿಕೆಯೋ?



ನಮ್ಮ ಮನೆಯಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಅಡಮಾನ, ಪಿಂಚಣಿ, ಐಸಾ, ಊರಿನ ಎಫ್‌ಡಿ ಎಲ್ಲವೂ ಅದರಲ್ಲಿ. ತಿಂಗಳ ಮೊದಲ ಭಾನುವಾರ ನಾನೂ ನನ್ನ ಹೆಂಡತಿಯೂ ಕಾಫಿ ಹಿಡಿದುಕೊಂಡು ಅದನ್ನು ನೋಡುತ್ತೇವೆ. 2022ರ ಅಕ್ಟೋಬರ್‌ನಲ್ಲಿ 'ಹೂಡಿಕೆ' ಎಂಬ ಪಟ್ಟಿಯ ಕೆಳಗೆ ನಾನು ಹೊಸದೊಂದು ಸಾಲು ಸೇರಿಸಿದ್ದೆ: "ಜಾವಾ 250, 1959, 1,100 ಪೌಂಡ್".

ಅವಳು ಅದನ್ನು ನೋಡಿ ಒಂದೇ ಮಾತು ಕೇಳಿದಳು. "ರೀ, ಇದು ಹೂಡಿಕೆನಾ, ಹವ್ಯಾಸನಾ? ಯಾವುದಾದರೂ ಒಂದು ಹೇಳಿ."

"ಹೂಡಿಕೆನೇ. ಹಳೇ ಗಾಡಿಗಳ ಬೆಲೆ ಏರ್ತಾನೇ ಇರುತ್ತೆ" ಅಂದೆ. ಆ ಉತ್ತರ ತಪ್ಪು ಅಂತ ಒಪ್ಪಿಕೊಳ್ಳಲು ನನಗೆ ಮೂರು ಚಳಿಗಾಲ ಬೇಕಾಯಿತು. ಇವತ್ತಿನ ಲೇಖನ ಅದರ ಪೂರ್ತಿ ಲೆಕ್ಕ. ಒಂದು ಪೈಸೆಯನ್ನೂ ಮುಚ್ಚಿಡದೆ ಹೇಳುತ್ತೇನೆ.

ಜಾವಾನೇ ಯಾಕೆ?

ನಾನಿರುವುದು ಕೊವೆಂಟ್ರಿಯಲ್ಲಿ. ಟ್ರಯಂಫ್ ಬೈಕ್ ಹುಟ್ಟಿದ ಊರು ಇದು. ಬಿಎಸ್ಎ ತಯಾರಾಗುತ್ತಿದ್ದ ಬರ್ಮಿಂಗ್‌ಹ್ಯಾಮ್ ಅರ್ಧ ಗಂಟೆಯ ದಾರಿ. ಇಲ್ಲಿ ಹಳೇ ಬೈಕ್ ಬೇಕು ಅಂದರೆ ಬ್ರಿಟಿಷ್ ಗಾಡಿ ತೆಗೆದುಕೊಳ್ಳುವುದೇ ಬುದ್ಧಿವಂತಿಕೆ. ಬಿಡಿಭಾಗ ಸಿಗುತ್ತವೆ, ಕೊಳ್ಳುವವರೂ ಸಿಗುತ್ತಾರೆ.

ಆದರೆ ಮೈಸೂರಿನಲ್ಲಿ ಬೆಳೆದವನಿಗೆ ಬೈಕ್ ಅಂದರೆ ಬೇರೆಯೇ ಚಿತ್ರ. ಫ್ರಾಂಟಿಶೆಕ್ ಯಾನೆಚೆಕ್ ಅವರು 1929ರಲ್ಲಿ ಚೆಕ್ ನಾಡಿನಲ್ಲಿ ಶುರು ಮಾಡಿದ ಕಂಪನಿ ಜಾವಾ. ತಮ್ಮ ಹೆಸರಿನ ಮೊದಲೆರಡು ಅಕ್ಷರವನ್ನೂ, ಯಾವ ಕಂಪನಿಯ ವಿನ್ಯಾಸ ಕೊಂಡಿದ್ದರೋ ಆ ಜರ್ಮನಿಯ ವಾಂಡರರ್ ಹೆಸರಿನ ಮೊದಲೆರಡು ಅಕ್ಷರವನ್ನೂ ಸೇರಿಸಿ ಇಟ್ಟ ಹೆಸರು. ಅದೇ ಗಾಡಿ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ 'ಯೆಜ್ಡಿ' ಹೆಸರಿನಲ್ಲಿ ಬಂದು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ನಮ್ಮೂರಿನ ಬೀದಿಗಳಲ್ಲಿ ಅದರದ್ದೇ ಸದ್ದು.

ಅಪ್ಪನ ಹತ್ತಿರವೂ ಒಂದು ಇತ್ತು. ಸೆಕೆಂಡ್ ಹ್ಯಾಂಡ್, ಮರೂನ್ ಬಣ್ಣ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ದಸರಾ ದೀಪ ನೋಡಿದವನು ನಾನು.

ಜಾವಾ ಆ ಕಾಲದಲ್ಲಿ ಬ್ರಿಟನ್ನಿಗೂ ಆಮದಾಗುತ್ತಿತ್ತು. ಹಾಗೆ ಬಂದ ಒಂದು 1959ರ ಗಾಡಿ, ಮಾದರಿ 353, ಒಬ್ಬರ ಶೆಡ್ಡಿನಲ್ಲಿ ಬಿದ್ದಿತ್ತು. ಮೈಸೂರಿನಲ್ಲಿ ಮೊದಲು ತಯಾರಾದ ಗಾಡಿಗಳು ಇದೇ ಜಾತಿಯವು. ಫ್ರೇಮ್, ಜಾಮ್ ಆದ ಇಂಜಿನ್, ನಾಲ್ಕು ರಟ್ಟಿನ ಡಬ್ಬದ ತುಂಬ ಬಿಡಿಭಾಗ. ವಿ5ಸಿ, ಅಂದರೆ ಇಲ್ಲಿನ ಆರ್‌ಸಿ, ಕಳೆದುಹೋಗಿತ್ತು. ಚೌಕಾಸಿ ಮಾಡಿ 1,100ಕ್ಕೆ ತಂದೆ. ಬಿಡಿಭಾಗಕ್ಕೆ ಇನ್ನೊಂದು 1,300 ಎಂದು ಬರೆದುಕೊಂಡೆ. ಒಟ್ಟು 2,400. ಮುಗಿದ ಮೇಲೆ 3,200 ಬೆಲೆ ಬಾಳುತ್ತದೆ, 800 ಲಾಭ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಎಷ್ಟು ಮಾಡಬಹುದು?

ಈ ಇಂಜಿನ್ ಸರಳ. ಒಂದೇ ಸಿಲಿಂಡರ್, ಎರಡು ಸ್ಟ್ರೋಕ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪೆಟ್ರೋಲಿಗೆ 25ಕ್ಕೆ 1ರಂತೆ ಎಣ್ಣೆ ಬೆರೆಸಿ ಹಾಕುವುದು. ಕರೆಂಟು 6 ವೋಲ್ಟ್. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ; ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಹಾಕುವ ಪೆಡಲ್. ಬಿಚ್ಚುವುದು, ತೊಳೆಯುವುದು, ಫೋಟೋ ತೆಗೆದು ಚೀಟಿ ಅಂಟಿಸಿಡುವುದು, ಚಕ್ರಕ್ಕೆ ಕಡ್ಡಿ ಕಟ್ಟುವುದು, ವೈರಿಂಗ್, ಜೋಡಣೆ: ಇವೆಲ್ಲ ಗ್ಯಾರೇಜಿನಲ್ಲೇ ಆಗುತ್ತವೆ.

ಆಗದೇ ಇರುವುದು ನಾಲ್ಕು. ಸಿಲಿಂಡರ್ ಬೋರ್ ಮಾಡಿಸಲು ಯಂತ್ರ ಬೇಕು. ಕ್ರ್ಯಾಂಕ್ ಶಾಫ್ಟ್ ಒತ್ತಿ ಕೂಡಿಸಿದ್ದು; ಅದನ್ನು ಬಿಚ್ಚಿ ಮತ್ತೆ ನೇರವಾಗಿ ಕೂಡಿಸಲು ಹೈಡ್ರಾಲಿಕ್ ಪ್ರೆಸ್ ಮತ್ತು ಪಳಗಿದ ಕೈ ಬೇಕು. ಕ್ರೋಮ್ ಲೇಪನದ ರಾಸಾಯನಿಕ ವಿಷ, ಮನೆಯ ಹತ್ತಿರಕ್ಕೂ ತರಬಾರದು. ಇನ್ನು ಗಟ್ಟಿಕಾರಕ ಬೆರೆಸುವ ಎರಡು ಪ್ಯಾಕಿನ ಬಣ್ಣ: ಅದರ ಆವಿ ಶ್ವಾಸಕೋಶಕ್ಕೆ ಹಾನಿ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಆ ದೂಳನ್ನು ಊದಿ ತೆಗೆಯಬೇಡಿ; ಒದ್ದೆ ಮಾಡಿ ಒರೆಸಿ.

ಬಜೆಟ್ ಸೀಳುವುದು ಈ ನಾಲ್ಕರಲ್ಲೇ. ಕೈಕೆಲಸಕ್ಕೆ ದುಡ್ಡಿಲ್ಲ ನಿಜ, ಆದರೆ ಬಿಲ್ಲಿನ ದೊಡ್ಡ ಭಾಗ ಕೈಯಿಂದ ಆಗದ ಕೆಲಸದ್ದು.

ಬಾಯ್ಲರ್ ಕೆಟ್ಟ ಜನವರಿ

ಮೊದಲ ವರ್ಷ ಸಿಲಿಂಡರ್ ಬೋರ್, ಪಿಸ್ಟನ್, ಚಕ್ರ, ಟೈರ್ ಆಯಿತು. 2023ರ ನವೆಂಬರ್‌ನಲ್ಲಿ ಕ್ರೋಮ್ ಮತ್ತು ಎರಡು ಹೊಸ ಸೈಲೆನ್ಸರ್‌ಗೆ 560 ಪೌಂಡ್ ಬೇಕಾಯಿತು. ಆ ತಿಂಗಳ ಉಳಿತಾಯದಲ್ಲಿ ಅಷ್ಟು ಇರಲಿಲ್ಲ. ತುರ್ತು ನಿಧಿಯಲ್ಲಿ 2,360 ಇತ್ತು. "ಹೂಡಿಕೆ ತಾನೇ, ವಾಪಸ್ ಬರುವ ದುಡ್ಡು" ಅಂದುಕೊಂಡು ಅದರಿಂದಲೇ ತೆಗೆದೆ. ಹೆಂಡತಿಗೆ ಹೇಳಲಿಲ್ಲ. ಮೊದಲ ಭಾನುವಾರ ಹೇಳಿದರಾಯಿತು ಅಂದುಕೊಂಡೆ, ಆ ಭಾನುವಾರವೂ ಹೇಳಲಿಲ್ಲ.

2024ರ ಜನವರಿಯಲ್ಲಿ ಮನೆಯ ಬಾಯ್ಲರ್ ಕೈಕೊಟ್ಟಿತು. ಹೊಸದಕ್ಕೆ 2,300. ನಿಧಿಯಲ್ಲಿ 1,800. ಮಿಕ್ಕ 500 ಕ್ರೆಡಿಟ್ ಕಾರ್ಡಿಗೆ ಹೋಯಿತು, ತೀರಿಸಲು ಎರಡು ತಿಂಗಳು, ಬಡ್ಡಿ 22 ಪೌಂಡ್.

22 ಪೌಂಡ್ ಏನು ಮಹಾ ಅನ್ನಬಹುದು. ಆದರೆ ಶೀಟ್ ತೆರೆದು ನಿಧಿಯ ಸಾಲು ನೋಡಿದಾಗ ಅವಳು ಏನೂ ಅನ್ನಲಿಲ್ಲ. ಕೋಟು ಹಾಕಿಕೊಂಡೇ ಅಡುಗೆ ಮಾಡಿದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಇದೇ ಜಾಗದಲ್ಲಿ "ತುರ್ತು ನಿಧಿಗೆ ಕೈ ಹಾಕಬೇಡಿ" ಅಂತ ನಿಮಗೆ ಬರೆದವನೂ ನಾನೇ. ಕೆಳಗಿನ ಬಿಲ್ಲಿನಲ್ಲಿ ಆ 22 ಇಲ್ಲ, ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದುಬಾರಿ ಸಾಲು ಬೇರೆ ಇಲ್ಲ.

ಬಿಳಿ ಹೊಗೆ

ಮಾರ್ಚ್‌ನಲ್ಲಿ, ಬಣ್ಣ ಹೊಡೆಸುವ ಮುಂಚೆ, ಬರೀ ಫ್ರೇಮಿನಲ್ಲಿ ಇಂಜಿನ್ ಕೂರಿಸಿ ತಾತ್ಕಾಲಿಕ ವೈರ್ ಕೊಟ್ಟು ಸ್ಟಾರ್ಟ್ ಮಾಡಿದೆ. ಏಳನೇ ಕಿಕ್ಕಿಗೆ ಹತ್ತಿತು. ವಿಡಿಯೋ ಕಾಲ್‌ನಲ್ಲಿ ಅಪ್ಪ ಇದ್ದರು. ನಾನು ಕುಣಿಯುತ್ತಿದ್ದೆ, ಅವರು ಕುಣಿಯಲಿಲ್ಲ.

"ಫೋನ್ ಇಂಜಿನ್ ಹತ್ತಿರ ಹಿಡಿಯೋ. ಕೆಳಗಿಂದ ಏನೋ ಟಣ್ ಟಣ್ ಅಂತಿದೆ."

"ಹೊಸ ಪಿಸ್ಟನ್ ಅಪ್ಪ, ಸೆಟ್ ಆಗುತ್ತೆ."

"ಅದು ಮೇಲಿನ ಸದ್ದಲ್ಲ ಕಣೋ. ಹೊಗೆ ಯಾಕೆ ಅಷ್ಟು? ಎಣ್ಣೆ ಜಾಸ್ತಿ ಹಾಕಿದ್ದೀಯಾ?"

"ಇಲ್ಲ, ಸರಿಯಾಗೇ ಹಾಕಿದ್ದೀನಿ."

"ಹಾಗಾದ್ರೆ ಆಫ್ ಮಾಡಿ ಗೇರ್ ಎಣ್ಣೆ ಎಷ್ಟಿದೆ ನೋಡು."

ನೋಡಿದೆ. ಕಮ್ಮಿಯಾಗಿತ್ತು. ಎರಡು ಸ್ಟ್ರೋಕಿನ ಇಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಹೋಗಿ, ಅಲ್ಲಿಂದ ಮೇಲೆ ತಳ್ಳಲ್ಪಡುತ್ತದೆ. ಹಾಗಾಗಿ ಆ ಕೋಣೆ ಗಾಳಿ ಆಡದಂತೆ ಮುಚ್ಚಿರಬೇಕು. ಶಾಫ್ಟಿನ ಚೈನ್ ಕಡೆಯ ಸೀಲ್ ಹೋದರೆ ಪಕ್ಕದ ಎಣ್ಣೆಯನ್ನು ಇಂಜಿನ್ ಹೀರಿಕೊಂಡು ಸುಡುತ್ತದೆ. ಬಿಳಿ ಹೊಗೆ ಅದರದ್ದು. ಟಣ್ ಟಣ್ ಸದ್ದು ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಸವೆದದ್ದು. ನಾನು ದುಡ್ಡು ಉಳಿಸಲು ಹೋಗಿ ಇಂಜಿನ್ನಿನ ತಲೆ ಮಾತ್ರ ಹೊಸದು ಮಾಡಿದ್ದೆ, ಹೊಟ್ಟೆ ಬಿಚ್ಚಿರಲೇ ಇಲ್ಲ. ಏಳು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಕೂತು ಅಪ್ಪ ಎರಡು ನಿಮಿಷದಲ್ಲಿ ಹೇಳಿದ್ದನ್ನು ನಾನು ಒಂದೂವರೆ ವರ್ಷದಲ್ಲಿ ನೋಡಿರಲಿಲ್ಲ.

ಮುಂದುವರಿಸಬೇಕೋ, ಮಾರಬೇಕೋ?

ಅಷ್ಟು ಹೊತ್ತಿಗೆ ಖರ್ಚಾದದ್ದು 2,700. ನನ್ನ ಬಜೆಟ್ 2,400 ದಾಟಿ ಆಗಿತ್ತು. ಇನ್ನೂ ಬೇಕಿದ್ದುದು ಸುಮಾರು 1,400. ಈ ಸ್ಥಿತಿಯಲ್ಲೇ ಮಾರಿದರೆ 1,500 ಸಿಗುತ್ತಿತ್ತು.

ಈ ಸಲ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲೆಕ್ಕ ಹಾಕಿದೆ. ಇಲ್ಲಿ ಎಲ್ಲರೂ ಎಡವುವ ಎರಡು ದಾರಿ ಇವೆ. ಒಂದು: "2,700 ಹಾಕಿಬಿಟ್ಟಿದ್ದೀನಿ, ಈಗ ಬಿಟ್ಟರೆ ನಷ್ಟ, ಮುಂದುವರಿಸೋಣ." ಇನ್ನೊಂದು: "ಬಜೆಟ್ ಮೀರಿತು, ಸಾಕು, ಮಾರಿಬಿಡೋಣ." ಎರಡೂ ಹಿಂದೆ ನೋಡಿ ತೆಗೆದುಕೊಳ್ಳುವ ತೀರ್ಮಾನ. ಹೋದ 2,700 ಹೋಯಿತು. ಯಾವ ದಾರಿ ಹಿಡಿದರೂ ಅದು ವಾಪಸ್ ಬರುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರಬಾರದು.

ಕೇಳಬೇಕಾದದ್ದು ಇಷ್ಟೇ: ಇನ್ನು ಮುಂದೆ ಹಾಕುವ ದುಡ್ಡು ಎಷ್ಟು, ಅದರಿಂದ ಏರುವ ಬೆಲೆ ಎಷ್ಟು? ಹಾಕುವುದು 1,400. ಬೆಲೆ 1,500ರಿಂದ 3,200ಕ್ಕೆ, ಅಂದರೆ 1,700 ಏರುತ್ತದೆ. ಅಂದರೆ ಮುಂದುವರಿಸುವುದು ಸರಿ. ಆದರೆ ಒಟ್ಟು ಯೋಜನೆ ನಷ್ಟದ್ದೇ: 4,100 ಹಾಕಿ 3,200.

ಎರಡೂ ಒಟ್ಟಿಗೆ ನಿಜ. ಶುರು ಮಾಡಿದ್ದು ತಪ್ಪು ಲೆಕ್ಕ, ನಿಲ್ಲಿಸದೇ ಇದ್ದದ್ದು ಸರಿ ಲೆಕ್ಕ. ಇದೇ ಪ್ರಶ್ನೆಯನ್ನು ನೀವು ಕುಸಿದ ಷೇರಿಗೋ ಊರಿನ ಅರ್ಧ ಕಟ್ಟಿದ ಮನೆಗೋ ಕೇಳಿ ನೋಡಿ. ಎಷ್ಟೋ ಸಲ ಉತ್ತರ ಉಲ್ಟಾ ಬರುತ್ತದೆ, ಆಗ ಮಾರುವುದೇ ಸರಿ.

ನಾನು ಇಷ್ಟು ವಿವರಿಸಿದ ಮೇಲೆ ಅವಳು ಅಂದಳು: "ಸರಿ, ಮುಗಿಸಿ. ಆದರೆ ತಿಂಗಳಿಗೆ 100ರ ಮೇಲೆ ಬೇಡ. ಆಮೇಲೆ ಆ ಸಾಲನ್ನ ಹೂಡಿಕೆಯಿಂದ ತೆಗೀರಿ." ತೆಗೆದೆ. 'ಮನರಂಜನೆ'ಯ ಕೆಳಗೆ, ನೆಟ್‌ಫ್ಲಿಕ್ಸ್ ಪಕ್ಕದಲ್ಲಿ ಹಾಕಿದೆ. ಆವತ್ತಿನಿಂದ ಕೆಲಸವೂ ಹಗುರಾಯಿತು. ಲಾಭ ಬರಲೇಬೇಕು ಅನ್ನುವ ಒತ್ತಡ ಇಲ್ಲದಿದ್ದರೆ ಅವಸರದಲ್ಲಿ ಕೆಟ್ಟ ಕೆಲಸ ಮಾಡುವುದಿಲ್ಲ.

ಪೂರ್ತಿ ಬಿಲ್

2025ರ ಜೂನ್‌ನಲ್ಲಿ ಗಾಡಿ ಮುಗಿಯಿತು. ಲೆಕ್ಕ ಹೀಗಿದೆ, ಎಲ್ಲ ಪೌಂಡ್‌ಗಳಲ್ಲಿ:

ಗಾಡಿ: 1,100
ಸಾಗಣೆ: 90
ಕ್ರ್ಯಾಂಕ್ ರಿಪೇರಿ, ಬೇರಿಂಗ್, ಸೀಲ್: 390
ಬೋರ್, ಪಿಸ್ಟನ್: 160
ಕಾರ್ಬ್ಯುರೇಟರ್: 70
ರಿಮ್, ಕಡ್ಡಿ, ಟೈರ್, ಟ್ಯೂಬ್: 340
ಕ್ರೋಮ್, ಸೈಲೆನ್ಸರ್: 560
ತುಕ್ಕು ತೆಗೆಸಿ ಬಣ್ಣ: 420
ವೈರಿಂಗ್, ಬ್ಯಾಟರಿ: 130
ಕೇಬಲ್, ರಬ್ಬರ್, ನಟ್ಟು ಬೋಲ್ಟು: 210
ಉಪಕರಣಗಳು: 380
ಕಾಗದಪತ್ರ, ಕ್ಲಬ್ ಸದಸ್ಯತ್ವ: 55
ನನ್ನ ತಪ್ಪಿಗೆ ದಂಡ: 195
ಒಟ್ಟು: 4,100

'ದಂಡ' ಅಂದರೆ ಏನು? ಪೆಟ್ರೋಲ್ ಚೆಲ್ಲಿ ಹೊಸ ಬಣ್ಣ ಎದ್ದ ಟ್ಯಾಂಕಿಗೆ ಮತ್ತೆ ಬಣ್ಣ, 140. ಬೇರೆ ಮಾದರಿಗೆ ಹೊಂದುವ ಬಿಡಿಭಾಗ ತರಿಸಿದ್ದು, 55. ಮೈಸೂರಿನ ಜಾವಾಗೂ ಚೆಕ್ ಜಾವಾಗೂ ಎಷ್ಟೋ ಭಾಗ ಹೊಂದುತ್ತವೆ, ಎಲ್ಲವೂ ಅಲ್ಲ. ಬ್ರೆಕ್ಸಿಟ್ ಆದ ಮೇಲೆ ಚೆಕ್ ದೇಶದಿಂದ ತರಿಸಿದರೂ 20% ವ್ಯಾಟ್ ಇಲ್ಲಿ ಕಟ್ಟಬೇಕು, ಕೊರಿಯರ್‌ನವರು ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ. ಬೆಲೆ ಹೋಲಿಸುವಾಗ ಇದನ್ನು ಸೇರಿಸಿಯೇ ಹೋಲಿಸಿ.

ವಿಮೆಯವರ ಜೊತೆ ಒಪ್ಪಿಕೊಂಡ ಬೆಲೆ 3,200. ಅಲ್ಲಿಗೆ 900 ನಷ್ಟ. ನಾನು ಬರೆದಿಟ್ಟ ಕೆಲಸದ ಗಂಟೆ 310. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ಆ ದರ ಹಾಕಿದರೂ ನನ್ನ ಕೂಲಿ 3,785. ಅದೇ 4,100ನ್ನು ಮೊದಲ ದಿನವೇ ಇಂಡೆಕ್ಸ್ ಫಂಡಿಗೆ ಹಾಕಿ, ವರ್ಷಕ್ಕೆ 6% ಬಂತು ಎಂದು ಊಹಿಸಿದರೆ ಮೂರು ವರ್ಷಕ್ಕೆ ಸುಮಾರು 4,880. ಯಾವ ಕಡೆಯಿಂದ ನೋಡಿದರೂ ಇದು ಹೂಡಿಕೆ ಅಲ್ಲ.

ಆದರೆ ಮೂರು ವರ್ಷದ ಹವ್ಯಾಸಕ್ಕೆ 900 ಅಂದರೆ ತಿಂಗಳಿಗೆ 25 ಪೌಂಡ್ ಚಿಲ್ಲರೆ. ಜಿಮ್ ಸದಸ್ಯತ್ವದಷ್ಟು. ಹವ್ಯಾಸ ಅಂತ ಕರೆದರೆ ಅಗ್ಗ, ಹೂಡಿಕೆ ಅಂತ ಕರೆದರೆ ನಷ್ಟ. ಗಾಡಿ ಅದೇ, ದುಡ್ಡು ಅದೇ. ಹೆಸರು ಬದಲಾದಾಗ ಯಾವ ಜೇಬಿನಿಂದ ತೆಗೆಯುತ್ತೀರಿ ಅನ್ನುವುದು ಬದಲಾಗುತ್ತದೆ. ಮನರಂಜನೆ ಅಂತ ಬರೆದಿದ್ದರೆ ನಾನು ತುರ್ತು ನಿಧಿಗೆ ಕೈ ಹಾಕುತ್ತಲೇ ಇರಲಿಲ್ಲ.

ತೆರಿಗೆ ಮತ್ತು ಕಾಗದಪತ್ರ

ಬ್ರಿಟನ್ನಿನಲ್ಲಿರುವವರಿಗೆ ಉಪಯೋಗಕ್ಕೆ ಬರುವ ಕೆಲವು ಅಂಶ:

40 ವರ್ಷ ದಾಟಿದ ಗಾಡಿಯನ್ನು 'ಹಿಸ್ಟಾರಿಕ್' ಎಂದು ನೋಂದಾಯಿಸಿದರೆ ರಸ್ತೆ ತೆರಿಗೆ ಸೊನ್ನೆ. ಕಳೆದ 30 ವರ್ಷದಲ್ಲಿ ದೊಡ್ಡ ಮಾರ್ಪಾಡು ಆಗಿರದಿದ್ದರೆ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಆದರೂ ನಾನು ಮಾಡಿಸಿದೆ. ಬೈಕಿಗೆ ಗರಿಷ್ಠ ಶುಲ್ಕ 29.65 ಪೌಂಡ್, ಬ್ರೇಕನ್ನು ಇನ್ನೊಬ್ಬರ ಕಣ್ಣು ನೋಡಿದ ಸಮಾಧಾನಕ್ಕೆ ಅದು ಅಗ್ಗ.

ಗಾಡಿ ರಸ್ತೆಗೆ ಬರದ ದಿನಗಳಲ್ಲಿ 'ಸಾರ್ನ್' ಘೋಷಣೆ ಮಾಡಿ, ಇಲ್ಲದಿದ್ದರೆ ವಿಮೆ ಇಲ್ಲದ್ದಕ್ಕೆ ದಂಡ ಬೀಳಬಹುದು. ವಿ5ಸಿ ಕಳೆದಿದ್ದರೆ ವಿ62 ಅರ್ಜಿ, 25 ಪೌಂಡ್. ಆದರೆ ಗಾಡಿ ಕೊಳ್ಳುವ ಮುಂಚೆಯೇ ಅದರ ನಂಬರ್ ಡಿವಿಎಲ್‌ಎ ದಾಖಲೆಯಲ್ಲಿದೆಯೇ ಎಂದು ಸರ್ಕಾರದ ಉಚಿತ ಆನ್‌ಲೈನ್ ಸೇವೆಯಲ್ಲಿ ನೋಡಿ. ಇಲ್ಲದಿದ್ದರೆ ಕ್ಲಬ್ಬಿನ ದೃಢೀಕರಣ, ಹಳೇ ದಾಖಲೆ ಅಂತ ಓಡಾಟ ಜಾಸ್ತಿ, ಬೆಲೆ ಅದಕ್ಕೆ ತಕ್ಕಂತೆ ಇಳಿಸಿ ಕೇಳಿ.

ಸ್ವಂತಕ್ಕೆ ಇಟ್ಟುಕೊಂಡ ಇಂಥ ಗಾಡಿಯನ್ನು ಲಾಭಕ್ಕೆ ಮಾರಿದರೆ ಸಾಮಾನ್ಯವಾಗಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಅದರ ಇನ್ನೊಂದು ಮುಖ: ನಷ್ಟವನ್ನು ಬೇರೆ ಲಾಭದ ಎದುರು ತೋರಿಸುವಂತೆಯೂ ಇಲ್ಲ. ಒಂದಾದ ಮೇಲೊಂದು ಕೊಂಡು, ರಿಪೇರಿ ಮಾಡಿ, ಮಾರುತ್ತಾ ಹೋದರೆ ಅದು ವ್ಯಾಪಾರ ಆಗುತ್ತದೆ. ವರ್ಷಕ್ಕೆ 1,000 ಪೌಂಡ್ ವಹಿವಾಟು ದಾಟಿದರೆ ತೆರಿಗೆ ಇಲಾಖೆಗೆ ತಿಳಿಸಬೇಕು.

ಊರಿನಲ್ಲಿರುವ ಗಾಡಿಯನ್ನೇ ಇಲ್ಲಿಗೆ ತರುತ್ತೇನೆ ಅನ್ನುವವರಿಗೆ: 30 ವರ್ಷಕ್ಕಿಂತ ಹಳೆಯ, ಮೂಲ ಸ್ಥಿತಿಯಲ್ಲಿರುವ, ಈಗ ತಯಾರಾಗದ ಮಾದರಿಗೆ ಸಂಗ್ರಾಹಕರ ವಸ್ತು ಎಂಬ ವರ್ಗದಲ್ಲಿ ಸುಂಕ ಸೊನ್ನೆ, ವ್ಯಾಟ್ 5% ಆಗುವ ಅವಕಾಶ ಇದೆ. ಗಾಡಿ ಬಂದ 14 ದಿನದೊಳಗೆ ನೋವಾ ಮಾಹಿತಿ ಕೊಡಬೇಕು. ಊರಿನಲ್ಲೇ ಇಟ್ಟುಕೊಳ್ಳುವವರಿಗೆ 2021ರ ನಿಯಮ ಇದೆ: 50 ವರ್ಷ ದಾಟಿದ ಗಾಡಿಗೆ 'ವಿಂಟೇಜ್' ನೋಂದಣಿ, ಹೊಸದಕ್ಕೆ 20,000 ರೂಪಾಯಿ ಶುಲ್ಕ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಪೆಟ್ರೋಲ್ ವಿಷಯ: 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10. ಅದರ ಎಥನಾಲ್ ಹಳೇ ರಬ್ಬರ್ ಪೈಪು, ಸೀಲು ತಿನ್ನುತ್ತದೆ. ದುಬಾರಿಯಾದರೂ ಇ5 ಸೂಪರ್ ಹಾಕಿ, ಚಳಿಗಾಲಕ್ಕೆ ಮುಂಚೆ ಕಾರ್ಬ್ಯುರೇಟರ್ ಖಾಲಿ ಮಾಡಿ.

ನೀವು ಶುರು ಮಾಡುವುದಾದರೆ

ಒಂದು, ದುಡ್ಡು ಹಾಕುವ ಮೊದಲೇ ಶೀಟಿನಲ್ಲಿ ಯಾವ ಸಾಲಿಗೆ ಬರೆಯುತ್ತೀರಿ ಅಂತ ಮನೆಯವರ ಎದುರು ನಿರ್ಧರಿಸಿ.
ಎರಡು, ಇಂಜಿನ್ ಪೂರ್ತಿ ಬಿಚ್ಚಿ ನೋಡಿದ ಮೇಲೆಯೇ ಬಜೆಟ್ ಬರೆಯಿರಿ. ಬಿಚ್ಚುವ ಮುಂಚಿನ ಬಜೆಟ್ ಬರೀ ಆಸೆ.
ಮೂರು, ಬಿಡಿಭಾಗ ಕಳೆದ ಅಗ್ಗದ ಗಾಡಿಗಿಂತ ಪೂರ್ತಿ ಇರುವ ದುಬಾರಿ ಗಾಡಿ ಕೊನೆಗೆ ಅಗ್ಗ ಬೀಳುತ್ತದೆ.
ನಾಲ್ಕು, ಪ್ರತಿ ರಸೀದಿ, ಪ್ರತಿ ಫೋಟೋ ಇಡಿ. ಮಾರುವಾಗಲೂ ವಿಮೆಗೂ ಅದೇ ಸಾಕ್ಷಿ.
ಐದು, ತಿಂಗಳ ಮಿತಿ ಹಾಕಿಕೊಳ್ಳಿ. ಕೆಲಸ ನಿಧಾನವಾಗಲಿ, ನಿಧಿ ಕರಗದಿರಲಿ.

ಇದು ನನ್ನ ಅನುಭವ, ತೆರಿಗೆ ಸಲಹೆ ಅಲ್ಲ. ನಿಮ್ಮ ಪರಿಸ್ಥಿತಿಗೆ ಲೆಕ್ಕಿಗರನ್ನು ಕೇಳಿ.

ಗಾಡಿ ಮುಗಿದ ಸಂಜೆ ಅಪ್ಪನಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ. ಒಂದು ನಿಮಿಷ ಸುಮ್ಮನೆ ಕೇಳಿ "ಈಗ ಸರಿ ಇದೆ" ಅಂದರು. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದನ್ನು ಆಗ ಕೇಳಿದೆ.

"ಅಪ್ಪ, ನಮ್ಮ ಜಾವಾ ಮಾರಿದಾಗ ಬೇಜಾರಾಗಲಿಲ್ವಾ?"

"ಯಾಕೆ ಬೇಜಾರು? ಆ ದುಡ್ಡಲ್ಲಿ ಫ್ರಿಜ್ ತಗೊಂಡ್ವಿ. ಹದಿನೆಂಟು ವರ್ಷ ಓಡ್ತು."

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನಕ್ಕಿದ್ದು ಅವರಿಗೂ ಕೇಳಿಸಿರಬೇಕು. "ಅವಳನ್ನ ಹಿಂದೆ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬಾ" ಅಂದು ಫೋನ್ ಇಟ್ಟರು. ಹೋಗಿ ಬಂದೆವು. ಮುಂದಿನ ಭಾನುವಾರ ಶೀಟ್ ತೆರೆದಾಗ ತುರ್ತು ನಿಧಿಯ ಸಾಲಿನಲ್ಲಿ ಮತ್ತೆ 2,360 ಇತ್ತು.

ನಿಮ್ಮ ಶೀಟಿನಲ್ಲೂ ತಪ್ಪು ಸಾಲಿನಲ್ಲಿ ಕೂತಿರುವ ಏನಾದರೂ ಇದೆಯಾ? ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.